ಅಂಚು ಒಡೆದ ಬೇಸಿನ್ನು

ಮಹಡಿಯ ಕೋಣೆಯಿಂದ ಇಳಿದುಬರುತ್ತಿದ್ದ ಗುಳುಗುಳು ಸದ್ದಿನಲ್ಲಿ ಒಂದು ಎಳೆ ಕಡಿಮೆಯಾಗಿತ್ತು. ನಡುರಾತ್ರಿ ದಾಟಿತ್ತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಆ ಗೊರಕೆಯ ಆಚೆಗೂ ಐದು ಟಬ್ಬುಗಳಲ್ಲಿ ಏಳುವ ಗಾಳಿಗುಳ್ಳೆಗಳ ಸದ್ದು ಅವಳಿಗೆ ಬೇರೆಬೇರೆಯಾಗಿ ಕೇಳುವಷ್ಟು ರೂಢಿಯಾಗಿಬಿಟ್ಟಿತ್ತು. ಈಗ ನಾಲ್ಕೇ ಕೇಳುತ್ತಿದ್ದವು.

ಚಪ್ಪಲಿ ಮೆಟ್ಟದೆ ಮೆಟ್ಟಿಲು ಹತ್ತಿದಳು. ಮೂರನೆಯ ಟಬ್ಬಿನ ಕೆಳಗೆ ಪಂಪಿನ ಕೊಳವೆ ಮಡಚಿಕೊಂಡಿತ್ತು, ಅಷ್ಟೇ. ಬಿಡಿಸಿದ ಕೂಡಲೇ ನೀರು ಮತ್ತೆ ಮಾತಾಡತೊಡಗಿತು. ಬಂದದ್ದಾಯಿತಲ್ಲ, ನೋಡಿಯೇ ಹೋಗೋಣ ಎಂದು ಮೊಳೆಗೆ ನೇತುಹಾಕಿದ್ದ ಥರ್ಮಾಮೀಟರನ್ನು ತೆಗೆದುಕೊಂಡಳು. ಒಂದನೆಯ ಟಬ್ಬಿನಲ್ಲಿ ಅದ್ದಿ, ಗೋಡೆಯ ಕಾಗದದ ಮೇಲೆ ಅಂಕಿ ಬರೆದು, ಕಡ್ಡಿಯನ್ನು ಒಮ್ಮೆ ಕೊಡವಿ ಎರಡನೆಯದಕ್ಕೆ ಅದ್ದಿದಳು. ಆಮೇಲೆ ಮೂರು, ನಾಲ್ಕು, ಐದು. ನೀರು ಬಿಸಿಯಾದರೆ ಬೇರು ಕೊಳೆಯುತ್ತದೆ ಎಂದು, ಮಣ್ಣಿಲ್ಲದೆ ನೀರಿನಲ್ಲೇ ಸಸಿ ಬೆಳೆಸುವ ತರಬೇತಿಯಲ್ಲಿ ಮೇಷ್ಟ್ರು ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಅವಳು ಯಾವುದನ್ನೂ ಮರೆಯುವವಳಲ್ಲ. ಬಿಸಿಲ ಕಾವು ತಟ್ಟದಂತೆ ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿದವಳು, ನೀರಿಗೆ ಬೆಳಕು ಬೀಳದಂತೆ ಟಬ್ಬುಗಳಿಗೆ ಗೋಣಿಚೀಲ ಸುತ್ತಿದವಳು, ಬ್ಲೀಚಿಂಗ್ ಪುಡಿಯಲ್ಲಿ ಅವನ್ನು ಉಜ್ಜಿ ಉಜ್ಜಿ ಉಗುರು ಸವೆಸಿಕೊಂಡವಳು ಅವಳೇ.

ಹೊರಡುವ ಮುನ್ನ ಒಂದನೆಯ ಟಬ್ಬಿನ ಥರ್ಮೋಕೋಲ್ ಹಲಗೆಯನ್ನು ಸ್ವಲ್ಪ ಎತ್ತಿದಳು. ಸ್ಪಂಜಿನ ತುಂಡುಗಳಲ್ಲಿ ಕೂತ ಎಳೆಯ ಸಲಾಡ್ ಸೊಪ್ಪಿನ ಸಸಿಗಳು ಮೇಲೆ ಹಸಿರಾಗಿ ನಗುತ್ತಿದ್ದವು. ಕೆಳಗೆ ತೂಗುತ್ತಿದ್ದ ಬೇರುಗಳಲ್ಲಿ ಮೂರು ಚಹಾದ ಬಣ್ಣಕ್ಕೆ ತಿರುಗಿದ್ದವು. ಬೆರಳಿಗೆ ಲೋಳೆ ಹತ್ತಿತು.

ಇದು ಎರಡನೆಯ ಸಲ. ಮೊದಲ ಸಲ ಬಿತ್ತಿದ್ದೂ ಹೀಗೇ ಹೋಗಿತ್ತು.

ಬೆಳಿಗ್ಗೆ ಅಕ್ಕ ಲೋಟ ಹಿಡಿದು ಮೇಲೆ ಬಂದಳು. ಅಕ್ಕ ಎಂದರೆ ಓರಗಿತ್ತಿ, ಭಾವನ ಹೆಂಡತಿ. ಹದಿನೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ಕಣ್ಣು ಮಂಜಾಗಿ ಸೂಜಿಯ ತೂತು ಕಾಣದಾದ ಮೇಲೆ ಅಂಗಡಿ ಮುಚ್ಚಿ, ಒಂದಿಡೀ ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕರೆದರೆ ಊಟಕ್ಕೆ ಬರುತ್ತಿದ್ದಳು, ಕರೆಯದಿದ್ದರೆ ಇಲ್ಲ. ಈ ಸಸಿಗಳು ಬಂದ ಮೇಲೆಯೇ ಅವಳು ಎದ್ದು ಕೂತದ್ದು. ಮೊಳಕೆಯ ಕೂದಲಿನಂಥ ಬೇರನ್ನು ಸ್ಪಂಜಿನ ಸೀಳಿಗೆ ಇಳಿಸಲು ಅವಳಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕಾಗಿತ್ತು.

"ಏನೇ ಡಾಕ್ಟರಮ್ಮ, ರಾತ್ರಿ ಎಷ್ಟು ಗಂಟೆಗೆ ಜ್ವರ ನೋಡೋಕೆ ಬಂದಿದ್ದೆ?" ಎಂದಳು ಅಕ್ಕ, ಗೋಡೆಯ ಕಾಗದಕ್ಕೆ ಮೂಗು ತಾಗಿಸಿ. "ಗಂಡನಿಗೆ ಜ್ವರ ಬಂದಾಗ್ಲೂ ಇಷ್ಟು ಸಲ ನೋಡಿರಲಿಲ್ಲ ನೀನು."

"ಅವರು ಬಾಯಿಬಿಟ್ಟು ನರಳ್ತಾರೆ ಅಕ್ಕಾ. ಇವು ಹೇಳೋದಿಲ್ಲವಲ್ಲ."

"ಹೇಳ್ತಾವೆ. ನಿನಗೆ ಕೇಳಿಸಲ್ಲ, ಅಷ್ಟೇ."

ಅಕ್ಕ ನಕ್ಕು ಮೂಲೆಗೆ ಹೋದಳು. ಅಲ್ಲೊಂದು ಅಂಚು ಒಡೆದ ಬೇಸಿನ್ನಿತ್ತು. ಹಲಗೆಯಲ್ಲಿ ಜಾಗ ಸಿಗದ ಸಸಿಗಳನ್ನು ಬಿಸಾಡಲು ಮನಸ್ಸು ಬಾರದೆ ಅವಳು ಅದರಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೆ ಪಂಪಿಲ್ಲ, ಲೆಕ್ಕಕ್ಕೂ ಇಲ್ಲ. ದಿನಕ್ಕೆ ನಾಲ್ಕೈದು ಸಲ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಹೊಯ್ಯುವಳು. ಅದೇ ಅದರ ಗಾಳಿ.

ಕಂದುಬಣ್ಣದ ಬೇರುಗಳ ವಿಷಯ ಕೇಳಿ ಅಕ್ಕನ ನಗು ಇಳಿಯಿತು. ಮೂರು ಸಸಿಗಳನ್ನು ಕಿತ್ತೆಸೆದರು. ನೀರು ಬದಲಿಸಿದರು. ಅಂದಿನಿಂದ ಕಿರಿಯವಳು ರಾತ್ರಿಗೆ ಒಂದು ಸಲದ ಬದಲು ಮೂರು ಸಲ ಥರ್ಮಾಮೀಟರ್ ಹಿಡಿದು ಹತ್ತತೊಡಗಿದಳು. ಎರಡು ದಿನಕ್ಕೆ ಎರಡನೆಯ ಟಬ್ಬಿಗೂ ರೋಗ ಹಿಡಿಯಿತು. ಮರುದಿನ ಮೂರನೆಯದಕ್ಕೆ. ನೀರು ತಣ್ಣಗಿತ್ತು, ಗುಳ್ಳೆ ಏಳುತ್ತಿತ್ತು, ನೀರಿಗೆ ಬೆಳಕು ಎಲ್ಲಿಂದಲೂ ಬೀಳುತ್ತಿರಲಿಲ್ಲ. ಆದರೂ ಎಲೆಗಳು ಮಧ್ಯಾಹ್ನದ ಹೊತ್ತಿಗೆ ಜೋತುಬೀಳುತ್ತಿದ್ದವು. ಬೇರು ಹಿಡಿದೆಳೆದರೆ ಸಿಪ್ಪೆ ಕಳಚಿ ಕೈಗೆ ಬಂದು, ದಾರದಂಥ ಎಳೆಯೊಂದು ಉಳಿಯುತ್ತಿತ್ತು.

ಸಂಜೆ ಮೇಷ್ಟ್ರಿಗೆ ಫೋನು ಮಾಡಿದಳು. ಮನೆಯವರೆಲ್ಲ ಕೇಳಲೆಂದು ಸ್ಪೀಕರ್ ಹಾಕಿದಳು. ಮೇಷ್ಟ್ರು ಒಂದೊಂದೇ ಕೇಳಿದರು, ಅವಳು ಪರೀಕ್ಷೆಯ ಹುಡುಗಿಯ ಹಾಗೆ ಒಂದೊಂದಕ್ಕೂ ಉತ್ತರ ಕೊಟ್ಟಳು.

"ಎಲ್ಲಾ ಸರಿಯಾಗೇ ಮಾಡಿದ್ದೀರಲ್ಲಮ್ಮ. ಹಾಗಾದ್ರೆ ಒಂದೇ. ರೋಗ ಇರೋ ಟಬ್ಬಿಂದ ಇಲ್ಲದ್ದಕ್ಕೆ ಅದನ್ನ ಏನೋ ಒಂದು ದಾಟಿಸ್ತಾ ಇದೆ. ಯಾರಾದ್ರೂ ಬೇರು ಮುಟ್ಟಿ ಮುಟ್ಟಿ ನೋಡ್ತಾರಾ?"

ಎಲ್ಲರ ಕಣ್ಣೂ ಒಂದೇ ಕಡೆಗೆ ಹೋಯಿತು. ಅಕ್ಕನಿಗೆ ಅಷ್ಟು ದೂರದ ಮುಖಗಳು ಕಾಣುತ್ತಿರಲಿಲ್ಲ, ಆದರೆ ಕಾಣಿಸಿತು.

"ನಾನು ಪ್ರತಿ ಟಬ್ಬಿಗೂ ಕೈ ತೊಳ್ಕೋತೀನಿ," ಎಂದಳು. "ಬಿಳಿ ಬಟ್ಟೆ ಮುಟ್ಟೋ ಕೈ ಇದು. ಸೋಪು ಹಾಕದೆ ಮುಟ್ಟಿಲ್ಲ."

"ತೊಳ್ಕೋತೀಯ, ಸರಿ. ತೊಳೆದದ್ದು ಶುದ್ಧ ಆಯ್ತೋ ಇಲ್ವೋ ನಿನಗೆ ಕಾಣಿಸ್ಬೇಕಲ್ಲ," ಎಂದರು ಭಾವ. ಕೆಟ್ಟ ದನಿಯಲ್ಲೇನೂ ಹೇಳಲಿಲ್ಲ. ಅದಕ್ಕೇ ಅದು ಇನ್ನೂ ಆಳಕ್ಕೆ ಇಳಿಯಿತು.

ಅಕ್ಕ ತನ್ನ ಎರಡೂ ಕೈಗಳನ್ನು ಕಣ್ಣಿನ ಹತ್ತಿರಕ್ಕೆ ತಂದು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಕೈಗುಣಾನೇ ಹೀಗೆ ಅಂತ ಕಾಣ್ಸುತ್ತೆ," ಎಂದು ಎದ್ದು ಒಳಗೆ ಹೋದಳು.

ಕಿರಿಯವಳು ಏನಾದರೂ ಹೇಳಬೇಕಿತ್ತು. ಹಾಗಲ್ಲ ಅಕ್ಕಾ ಎನ್ನುವ ಎರಡು ಮಾತು ಸಾಕಿತ್ತು. ಆದರೆ ಆಗ ಅವಳಿಗೂ ಹಾಗೆಯೇ ಅನ್ನಿಸಿತ್ತು. ಹಾಗೆ ಅನ್ನಿಸಿದ್ದರಿಂದ ಮನಸ್ಸು ಹಗುರವೂ ಆಗಿತ್ತು.

ಭಾನುವಾರದ ಹೊತ್ತಿಗೆ ಐದೂ ಟಬ್ಬು ಮುಗಿದಿದ್ದವು. ಸಸಿ ಕೊಳ್ಳುವ ತೋಟದವಳು ಇನ್ನೊಂದೇ ಒಂದು ಸಲ ನೋಡುತ್ತೇನೆ ಎಂದಿದ್ದಳು. ಕಿರಿಯವಳು ಒಬ್ಬಳೇ ಮಹಡಿಯಲ್ಲಿ ನಿಂತು ಕೊಳೆತದ್ದನ್ನೆಲ್ಲ ಕಸದ ಚೀಲಕ್ಕೆ ತುಂಬಿದಳು. ವಾಸನೆಗೆ ಸೆರಗು ಮೂಗಿಗೆ ಕಟ್ಟಿಕೊಂಡಿದ್ದಳು. ಬಾಗಿಲ ಆಚೆ, ಮೆಟ್ಟಿಲ ಮೇಲೆ, ಅಕ್ಕ ಕೂತಿದ್ದಳು. ಒಳಗೆ ಬಂದಿರಲಿಲ್ಲ.

"ಆ ಬೇಸಿನ್ನಲ್ಲಿರೋದನ್ನೂ ಬಿಸಾಡಿಬಿಡೇ."

"ಒಂದ್ಸಲ ನೋಡ್ತೀನಿ ಅಕ್ಕಾ."

"ನೋಡೋದೇನು? ನಾನೇ ದಿನಾ ಕೈ ಆಡಿಸಿದ್ದು. ಅದೇ ಮೊದಲು ಕೊಳೆತಿರುತ್ತೆ."

ಅವಳು ಬೇಸಿನ್ನಿನ ಮುಂದೆ ಮಂಡಿಯೂರಿ ಒಂದು ಸಸಿಯನ್ನು ಎತ್ತಿದಳು. ಬೇರು ಬೆಳ್ಳಗಿತ್ತು. ಇನ್ನೊಂದು ಎತ್ತಿದಳು. ಅದೂ ಬೆಳ್ಳಗೆ, ಆಗಷ್ಟೇ ಬಾಚಿದ ಒದ್ದೆ ಕೂದಲಿನ ಹಾಗೆ ನೆಟ್ಟಗೆ ಇಳಿದು ನೀರು ಸುರಿಸುತ್ತಿತ್ತು. ಹನ್ನೊಂದಕ್ಕೆ ಹನ್ನೊಂದೂ. ಪಂಪಿಲ್ಲದ, ಗೋಣಿಚೀಲವಿಲ್ಲದ ಬೇಸಿನ್ನು. ಅಕ್ಕನ ಕೈ ಎಲ್ಲಕ್ಕಿಂತ ಹೆಚ್ಚು ಸಲ ಮುಳುಗಿದ್ದು ಇದರಲ್ಲಿ. ಉಳಿದ ಐದಕ್ಕೆ ಆಗಿ, ಇದಕ್ಕೆ ಮಾತ್ರ ಆಗದೆ ಉಳಿದದ್ದು ಯಾವುದು?

ಅವಳು ತಲೆ ಎತ್ತಿದಳು. ಗೋಡೆಯ ಕಾಗದದಲ್ಲಿ ಅವಳದೇ ದುಂಡಗಿನ ಅಕ್ಷರ. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯ ಸಾಲು ಇರಲಿಲ್ಲ. ಬೇಸಿನ್ನನ್ನು ಅವಳು ಒಂದು ದಿನವೂ ಅಳೆದಿರಲಿಲ್ಲ. ಟಬ್ಬುಗಳು ಯಾವ ಕ್ರಮದಲ್ಲಿ ಸತ್ತಿದ್ದವೋ ಅದೇ ಕ್ರಮದಲ್ಲಿ ರಾತ್ರಿ ರಾತ್ರಿ ಆ ಕಡ್ಡಿಯನ್ನು ಅದ್ದಿ, ಕೊಡವಿ, ಮತ್ತೆ ಅದ್ದುತ್ತಾ ಬಂದವಳು ಅವಳು. ಒರೆಸಬೇಕು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಮೂರು ಸಲ ಅಳೆಯತೊಡಗಿದ ಮೇಲೆಯೇ ರೋಗ ಓಡತೊಡಗಿದ್ದು.

"ಕೊಳೆತಿದೆ ತಾನೇ?" ಎಂದು ಅಕ್ಕ ಹೊರಗಿನಿಂದ ಕೇಳಿದಳು.

ಕೈಯಲ್ಲಿ ಹಿಡಿದ ಬೇರಿನಿಂದ ನೀರು ಅವಳ ಮೊಣಕೈಯವರೆಗೆ ಹರಿಯಿತು. ಬಾಯಿ ತೆರೆದಳು. ನಾಲ್ಕು ದಿನದಿಂದ ಈ ಮನೆಯಲ್ಲಿ ಎಲ್ಲರೂ ಅವಳನ್ನು ಹೊಗಳುತ್ತಿದ್ದರು. ಪಾಪ, ಹಗಲೂ ರಾತ್ರಿ ನಿದ್ದೆಗೆಟ್ಟು ಕಾದಳು ಎನ್ನುತ್ತಿದ್ದರು. ಭಾವ ಕೂಡ ಹೇಳಿದ್ದರು. ಈಗ ಹೇಳುವ ಮಾತಿಗೆ ಎಲ್ಲಿಂದ ಆರಂಭ?

"ಹೂಂ," ಎಂದಳು.

ಅಷ್ಟು ಸಣ್ಣ ದನಿ ಕೇಳಿಸಿರಲಾರದು ಎಂದುಕೊಂಡಳು. ಕೇಳಿಸಿತ್ತು. ಅಕ್ಕ ಎದ್ದು ಮೆಟ್ಟಿಲು ಇಳಿಯುವ ಸಪ್ಪಳ ಬಂತು, ಒಂದೊಂದೇ ಮೆಟ್ಟಿಲಿಗೆ ಗೋಡೆ ಹಿಡಿದುಕೊಂಡು. ಅವಳು ಹನ್ನೊಂದು ಸಸಿಗಳನ್ನೂ ಚೀಲಕ್ಕೆ ಹಾಕಿ, ಬಿಳಿ ಬೇರು ಮೇಲೆ ಕಾಣದಂತೆ ಕೊಳೆತದ್ದನ್ನು ಅದರ ಮೇಲೆ ಎಳೆದಳು.

ಮೂರನೆಯ ಸಲ ಬಿತ್ತಿದ್ದು ಚೆನ್ನಾಗಿ ಬಂತು. ಥರ್ಮಾಮೀಟರನ್ನು ಅವಳು ಪ್ರತಿ ಟಬ್ಬಿಗೂ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು, ಬಾಗಿಲು ಹಾಕಿಕೊಂಡು. ಹತ್ತು ದಿನಕ್ಕೆ ಹಲಗೆ ಎತ್ತಿದರೆ ಐದು ಟಬ್ಬಿನಲ್ಲೂ ಬೆಳ್ಳಗೆ ಬೇರಿನ ಗಡ್ಡ. ತೋಟದವಳು ಬಂದು ನೋಡಿ, ಇಂಥವು ಬೇಕಿತ್ತು ಎಂದಳು. ಗಂಡ ಊಟದ ಹೊತ್ತಿನಲ್ಲಿ, "ನೋಡಿದ್ಯಾ, ಒಬ್ಬಳ ಕೈಯಲ್ಲೇ ಇದ್ರೆ ಹೇಗೆ ಬರುತ್ತೆ," ಎಂದ. ಯಾರೂ ಅಕ್ಕನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ಬೇರು ಬಿಳಿಯಾದಷ್ಟೂ ಅಕ್ಕನ ವಿರುದ್ಧದ ಸಾಕ್ಷಿ ಬಲವಾಗುತ್ತಿತ್ತು.

ಅಕ್ಕ ಮತ್ತೆ ಗೋಡೆಗೆ ಮುಖ ಮಾಡಿ ಮಲಗಲು ಶುರುಮಾಡಿದ್ದಳು. ಒಂದು ಮಧ್ಯಾಹ್ನ ಮಾತ್ರ ಏನನ್ನಿಸಿತೋ, ಮೇಲೆ ಬಂದು ಹೊಸ್ತಿಲ ಆಚೆ ನಿಂತಳು.

"ಬಂದಿವೆಯಂತೆ?"

"ಬಂದಿವೆ ಅಕ್ಕಾ. ಒಳಗೆ ಬನ್ನಿ."

"ಬೇಡಮ್ಮ. ಇಲ್ಲಿಂದಲೇ ನೋಡ್ತೀನಿ."

ಅಲ್ಲಿಂದ ಅಕ್ಕನಿಗೆ ಏನೂ ಕಾಣುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕಿರಿಯವಳು ಒಂದು ಹಲಗೆಯನ್ನು ಎತ್ತಿ, ಬೇರು ತೂಗುವಂತೆ, ಬಾಗಿಲವರೆಗೆ ಹಿಡಿದುಕೊಂಡು ಹೋದಳು. ನೆಲವೆಲ್ಲ ಒದ್ದೆಯಾಯಿತು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ಗೊತ್ತಿತ್ತು. ಇವತ್ತೂ ಇಲ್ಲ, ಯಾವತ್ತೂ ಇಲ್ಲ, ಯಾರಿಗೂ ಇಲ್ಲ ಎನ್ನುವುದು ಅಷ್ಟೇ ತಣ್ಣಗೆ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಕ್ಕ ಮುಖವನ್ನು ಬೇರುಗಳ ತೀರ ಹತ್ತಿರಕ್ಕೆ ತಂದಳು. ಉಸಿರು ತಾಗಿ ಎಳೆಗಳು ಅಲುಗಿದವು.

"ಎಷ್ಟು ಬೆಳ್ಳಗಿವೆ," ಎಂದಳು.

ಅವಳ ಎರಡೂ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು.