ಅಳತೆ ತಪ್ಪಿದ ಹಲಗೆ

ಮೇವಿನ ಅಟ್ಟದಿಂದ ಇನ್ನೊಂದು ಹಲಗೆಯನ್ನು ಎಳೆದು ಹೆಗಲ ಮೇಲೆ ಹೊತ್ತುಕೊಂಡು ನಿರ್ಮಲಾ ಅಂಗಳಕ್ಕೆ ಬಂದಾಗ, ಅಳುತ್ತಿದ್ದ ಹೆಂಗಸರೆಲ್ಲ ಒಂದು ಗಳಿಗೆ ಅಳು ಮರೆತು ಅವಳನ್ನೇ ನೋಡಿದರು. ಪಡಸಾಲೆಯಲ್ಲಿ ಅವಳ ಅತ್ತೆ ಹೊನ್ನವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ, ತಲೆ ವಾಲದಂತೆ ಗದ್ದಕ್ಕೊಂದು ಬಿಳಿ ಪಟ್ಟಿ. ಇಂಥ ಹೊತ್ತಿನಲ್ಲಿ ಇರುವ ಒಬ್ಬ ಸೊಸೆ ಹೆಣದ ಪಕ್ಕ ಕೂತು ಅಳಬೇಕಾದದ್ದು ವಾಡಿಕೆ. ನಿರ್ಮಲಾ ನಸುಕಿನಲ್ಲೇ ಮನಸಾರೆ ಅತ್ತು ಮುಗಿಸಿದ್ದಳು. ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಹಲಗೆಯನ್ನು ದಡ್ಡೆಂದು ಇಳಿಸಿದಳು.

ಟ್ರೇಲರಿಗೆ ತಳವೇ ಇರಲಿಲ್ಲ. ನಿನ್ನೆ ಸಂಜೆ ಹೊನ್ನವ್ವ ತಾನೇ ಮುಂದೆ ನಿಂತು ಹಳೆಯ ಹಲಗೆಗಳನ್ನೆಲ್ಲ ಕೀಳಿಸಿದ್ದಳು. "ನಾಳಿ ಹೊಸಾವು ಕೂಡಸೂಣು" ಎಂದು ಹೇಳಿ, ಒಂದು ರೊಟ್ಟಿ ತಿಂದು ಮಲಗಿದವಳು ಬೆಳಗ್ಗೆ ಏಳಲಿಲ್ಲ. ಈಗ ಕಬ್ಬಿಣದ ಪಟ್ಟಿಗಳ ನಡುವೆ ನೆಲ ಕಾಣುತ್ತಿತ್ತು. ಅಲ್ಲಿ ಒಂದು ಕೋಳಿ ಯಾರ ದುಃಖವನ್ನೂ ಲೆಕ್ಕಿಸದೆ ಮಣ್ಣು ಕೆದರುತ್ತಿತ್ತು.

"ಏನ ನಡಸೀ ನಿರ್ಮಲಾ? ಮನಿಯಾಗ ಹೆಣಾ ಇಟಗೊಂಡು ಬಡಗ್ಯಾರ ಕೆಲಸಾ ಚಾಲೂ ಮಾಡೀಯಲ್ಲ?"

ಕೇಳಿದವನು ಹೊನ್ನವ್ವನ ಮೈದುನ ಗುರುಸಂಗಪ್ಪ. ಈಗ ಆ ಮನೆತನಕ್ಕೆ ಅವನೇ ಹಿರಿಯ. ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳಿಸುವಂಥ ದನಿ ಅವನದು.

"ಅತ್ತಿ ಹೊಲಕ್ಕ ಇದರಾಗ ಹೋಗ್ತಾರ್ರಿ, ಮಾವಾರ."

"ಗಜೇಂದ್ರಗಡದಿಂದ ವ್ಯಾನ್ ತರಸ್ತೀನಿ ಅಂತ ಆಗಳೇ ಹೇಳೇನಿ. ಒಂದ ಫೋನ್ ಮಾಡಿದ್ರ ಬರತೈತಿ."

"ಅದರಾಗ ಮಲಗಿಸಿ ಒಯ್ಯಬೇಕಾಗತೈತ್ರಿ. ನಮ್ಮ ಅತ್ತಿ ಕುಂತ ಹೋಗಬೇಕು."

ಅದು ಗುರುಸಂಗಪ್ಪನಿಗೂ ಗೊತ್ತಿದ್ದದ್ದೇ. ಅವರ ಪೈಕಿ ಸತ್ತವರು ಬಿದಿರಿನ ವಿಮಾನದಲ್ಲಿ ನೆಟ್ಟಗೆ ಕೂತೇ ಹೋಗಬೇಕು, ಹೊಲದಲ್ಲಿ ತೋಡಿದ ಕುಣಿಯಲ್ಲೂ ಕೂತೇ ಇರಬೇಕು. ಅವನು ಮೀಸೆ ಸವರಿಕೊಂಡು ಇನ್ನೊಂದು ದಾರಿ ಹುಡುಕಿದ.

"ಹಂಗಾದ್ರ ಯಾರದರೆ ಟ್ರೇಲರ ಇಸಗೊಂಡ ಬರ್ರಿ. ಜಕ್ಕಲ್ಯಾಗ ಟ್ರೇಲರಿಗೇನ ಕಮ್ಮಿ?"

"ಊರ ಹೆಣ್ಣಮಕ್ಕಳನ್ನೆಲ್ಲಾ ಕುಂದರಿಸಿಕೊಂಡು ಹೋದಾಕಿ ನಮ್ಮ ಅತ್ತಿ. ಕಡೀ ಸಲ ಆಕಿ ಮಂದೀ ಟ್ರೇಲರ ಹತ್ತೂದ ಬ್ಯಾಡ್ರಿ."

"ಹೆಣಾ ಏಳೂತನಾ ಸುತ್ತಗಿ ಸಪ್ಪಳಾ ಆಗಬಾರದು. ಹಿರ್ಯಾರ ಮಾತ ಅದು."

"ವಿಮಾನ ಕಟ್ಟಾಕ ಬಿದರಿಗೆ ಮೊಳಿ ಬಡೀತೀರಿಲ್ರಿ? ಇದು ಅದರ ತಳಾ ಅಂತ ತಿಳೀರಿ."

ಗುರುಸಂಗಪ್ಪ ಅಣ್ಣನ ಮಗ ಅಮರೇಶನ ಕಡೆ ನೋಡಿದ, ಹೆಂಡತಿಗೆ ಇವನಾದರೂ ಬುದ್ಧಿ ಹೇಳಲಿ ಎಂಬಂತೆ. ಅತ್ತು ಅತ್ತು ಕಣ್ಣು ಊದಿದ್ದ ಅಮರೇಶ ಮೂಲೆಯಲ್ಲಿದ್ದ, ಬೋಲ್ಟು ಬಿಗಿಯುವ ಪಾನಾ ಎತ್ತಿಕೊಂಡ. "ಹೊತ್ತ ಮುಳಗೂದರಾಗ ಮಣ್ಣ ಕೊಟ್ಟರ ಆತಿಲ್ಲೋ ಕಾಕಾ? ಆಗತೈತಿ" ಎಂದವನೇ ಟ್ರೇಲರ್ ಹತ್ತಿದ.

ನಿರ್ಮಲಾ ಮುಂದಿನ ಹಲಗೆ ತರಲು ಹೊರಟವಳು ರಸ್ತೆಯ ಆಚೆ ನೋಡಿದಳು. ಎದುರು ಮನೆಯ ಕಟ್ಟೆಯ ಮೇಲೆ ಅತ್ತೆಯ ಹಳೆಯ ಜೊತೆಗಾತಿ ಮಾನವ್ವ ಕೂತಿದ್ದಳು. ಬಲಗಾಲು ಮುಂದಕ್ಕೆ ನೆಟ್ಟಗೆ ಚಾಚಿತ್ತು, ಕೈಯಲ್ಲಿ ಕೋಲು. ಬೆಳಗಿನಿಂದ ಅಲ್ಲೇ ಇದ್ದಾಳೆ. ಇತ್ತ ಬಂದಿಲ್ಲ, ಮನೆಗೂ ಹೋಗಿಲ್ಲ. ನಿರ್ಮಲಾಳಿಗೆ ಇಂದು ಆಗಬೇಕಾಗಿದ್ದದ್ದು ಎರಡೇ ಕೆಲಸ: ಅತ್ತೆ ಹೊಸ ಹಲಗೆಯ ಮೇಲೆ ಹೋಗಬೇಕು, ಮಾನವ್ವ ಜೊತೆಗೆ ಹೋಗಬೇಕು. ಮೊದಲನೆಯದಕ್ಕೆ ಮೈಯಲ್ಲಿ ಕಸುವಿದ್ದರೆ ಸಾಕಿತ್ತು. ಎರಡನೆಯದಕ್ಕೆ ಏನು ಬೇಕೆಂದು ಅವಳಿಗೆ ತಿಳಿದಿರಲಿಲ್ಲ.

* * *

ಹೊನ್ನವ್ವನ ಟ್ರೇಲರೆಂದರೆ ಜಕ್ಕಲಿಯ ಹೆಣ್ಣಾಳುಗಳ ಪಾಲಿಗೆ ಬಸ್ಸು. ಗಂಡ ತೀರಿಕೊಂಡ ಮೇಲೆ ಅವಳೇ ಕಟ್ಟಿಕೊಂಡ ಕಸುಬು ಅದು. ಮಗ ಟ್ರ್ಯಾಕ್ಟರ್ ನಡೆಸುವನು, ಅವಳು ಹಿಂದೆ ಆಳುಗಳ ನಡುವೆ ಕೂರುವಳು. ಲಕ್ಕಲಕಟ್ಟಿಯಲ್ಲಿ ಉಳ್ಳಾಗಡ್ಡಿ ಕೀಳುವುದಿರಲಿ, ನರೇಗಲ್ಲಿನ ಕಡೆ ಹೆಸರು ಬಿಡಿಸುವುದಿರಲಿ, ಬೆಳಗಾದರೆ ಓಣಿ ಓಣಿಯಲ್ಲಿ ನಿಂತು ಹೆಸರು ಹಿಡಿದು ಕೂಗುವಳು. ತಡಮಾಡಿದವರ ಏಳು ತಲೆಮಾರನ್ನು ನೆನೆಯುವಳು, ಆದರೆ ಯಾರನ್ನೂ ಬಿಟ್ಟು ಹೋಗುವವಳಲ್ಲ. ಅವಳ ಎಡಕ್ಕೆ ಯಾವಾಗಲೂ ಮಾನವ್ವ. ಇಬ್ಬರೂ ಒಂದೇ ಚೀಲದಿಂದ ಎಲೆ ಅಡಿಕೆ ಹಾಕಿಕೊಂಡು ದಾರಿಯುದ್ದಕ್ಕೂ ಜಗಳವಾಡುತ್ತ ಹೋಗುತ್ತಿದ್ದರು.

ಸಂಕ್ರಾಂತಿಯ ಆಸುಪಾಸಿನಲ್ಲಿ ಮೆಣಸಿನಕಾಯಿ ಬಿಡಿಸಿ ಮರಳಿದ ಸಂಜೆ, ಇಳಿಯಲೆಂದು ಹಿಂದೆ ಸರಿದ ಮಾನವ್ವನ ಕಾಲ ಕೆಳಗೆ ಲಡ್ಡಾಗಿ ಒಳಗೇ ಪುಡಿಯಾಗಿದ್ದ ಹಲಗೆ ಮುರಿಯಿತು. ಕಾಲು ತೊಡೆಯವರೆಗೆ ಇಳಿದು ಮೊಣಕಾಲು ತಿರುಚಿತು. ಹೊನ್ನವ್ವ ಗದಗಿನ ದವಾಖಾನೆಯಲ್ಲಿ ಅವಳ ಜೊತೆಗೇ ಇದ್ದಳು, ಉಣಿಸಿದಳು, ಎತ್ತಿ ಕೂರಿಸಿದಳು, ಹೊರಗೊಯ್ದು ತಂದಳು. ಆದರೆ "ತಪ್ಪಾತು" ಎಂಬ ಮಾತು ಮಾತ್ರ ಆಡಲಿಲ್ಲ. ಆ ಮಾತು ಅವಳ ಬಾಯಲ್ಲಿ ಹುಟ್ಟಿದ್ದನ್ನು ಗಂಡನೂ ಕೇಳಿರಲಿಲ್ಲ, ಮಗನೂ ಕೇಳಿರಲಿಲ್ಲ. ಮಾನವ್ವನ ಮೊಣಕಾಲು ಮಡಚದೇ ಉಳಿಯಿತು.

ಊರಿಗೆ ಬಂದ ದಿನವೇ ಹೊನ್ನವ್ವ ಹೇಳಿದಳು: "ಹೊಸಾ ಹಲಿಗಿ ಕೂಡೂತನಾ ಇದರಾಗ ಒಬ್ಬರೂ ಕಾಲಿಡೂ ಹಂಗಿಲ್ಲ." ಬದುವಿನ ಬೇವಿನ ಮರ ಕಡಿಸಿ, ಕೊಯ್ಸಿ, ಹಲಗೆಗಳನ್ನು ತಂದು ಮೇವಿನ ಅಟ್ಟದಲ್ಲಿ ಒಂದರ ಮೇಲೊಂದು ಸಂದು ಬಿಟ್ಟು ಪೇರಿಸಿದಳು. ಅಷ್ಟೇ. ಮಾಘ ಕಳೆಯಿತು, ಶಿವರಾತ್ರಿ ಕಳೆಯಿತು, ಯುಗಾದಿಯೂ ಬಂತು. ಹಲಗೆ ಅಟ್ಟದಿಂದ ಇಳಿಯಲಿಲ್ಲ, ಟ್ರೇಲರ್ ಅಂಗಳ ಬಿಟ್ಟು ಕದಲಲಿಲ್ಲ.

"ಯವ್ವಾ, ತಗಡ ಹೊಡಸಿಬಿಡೂಣು. ಒಂದ ದಿನದ ಕೆಲಸ" ಎಂದು ಅಮರೇಶ ಹೇಳಿ ನೋಡಿದ.

"ಬ್ಯಾಸಗ್ಯಾಗ ಆ ತಗಡಿನ ಮ್ಯಾಲೆ ನೀ ಕುಂದರತೀ ಏನು? ಕುಂಡಿ ಸುಡತಾವು."

"ಹಂಗಾದ್ರ ಹಲಿಗೀನರೆ ಹಾಕು."

"ಒಣಗಲಿ."

ಒಣಗಲಿ ಎಂಬ ಆ ಒಂದು ಮಾತಿನ ಹಿಂದೆ ಹಳೆಯ ಕತೆಯಿತ್ತು. ಬಹಳ ವರ್ಷಗಳ ಹಿಂದೆ ಅವಳ ಗಂಡ, ಸಂತೆ ತಪ್ಪೀತೆಂಬ ಅವಸರಕ್ಕೆ ಹಸಿ ಹಲಗೆಗಳನ್ನೇ ಜಡಿಸಿದ್ದ. ಬೇಸಿಗೆಗೆ ಅವು ಸೊರಗಿ ಸಂದು ಬಿಟ್ಟವು. ಗಜೇಂದ್ರಗಡಕ್ಕೆ ಹೆಸರು ಒಯ್ದ ದಿನ ದಾರಿಯುದ್ದಕ್ಕೂ ಕಾಳು ಸೋರಿದ್ದು ಗೊತ್ತಾಗಲೇ ಇಲ್ಲ. ಮುಂದಿನ ಮಳೆಗೆ ರಸ್ತೆಯ ಬದಿಗೆ ಮೈಲಿಗಟ್ಟಲೆ ಹೆಸರಿನ ಸಾಲು ಎದ್ದಿತು. ಸರಕಾರದ ರಸ್ತೆಯನ್ನೂ ಬಿತ್ತಿದ ಗಟ್ಟಿಗ ಎಂದು ಊರವರು ನಗೆಯಾಡಿದರು, ಗಂಡನೂ ನಕ್ಕ. ಹೊನ್ನವ್ವ ನಗಲಿಲ್ಲ. ಹಸಿ ಹಲಗೆ ಏನು ಮಾಡುತ್ತದೆಂದು ಅವಳು ಆಗ ಕಲಿತಳು. ಮಗನಿಗೂ ಸೊಸೆಗೂ ಅದನ್ನೇ ಹೇಳಿದಳು: "ಈ ಸಲ ಬಾಯಿ ಬಿಟ್ಟರ ಬೀಳೂದು ಹೆಸರಲ್ಲ, ಹೆಣ್ಣಮಕ್ಕಳು."

ಮನೆಯವರಿಗೆ ಹೇಳಿದ ಈ ಮಾತನ್ನು ಮಾನವ್ವನಿಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ, ಅಥವಾ ತೋಚಿದರೂ ನಾಲಗೆ ಏಳಲಿಲ್ಲ. ಮಾನವ್ವ ಒಂದು ದಿನ ನಳದ ಹತ್ತಿರ ಎಲ್ಲರ ಎದುರಿಗೇ ಅಂದಳು: "ನನ್ನ ಕಾಲ ಮುರದ ಮ್ಯಾಲೂ ಆಕಿಗೆ ಅವಸರಿಲ್ಲ. ಹಲಿಗಿ ಅಟ್ಟದಾಗ ಪೂಜಾ ಮಾಡಾಕ ಇಟ್ಟಾಳ." ಹೊನ್ನವ್ವ ಕೊಡ ತುಂಬಿಸಿಕೊಂಡು ಸುಮ್ಮನೆ ಬಂದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

* * *

ಹೊತ್ತು ನೆತ್ತಿಗೇರುವಾಗ ನರೇಗಲ್ಲಿನ ವೆಲ್ಡಿಂಗ್ ಅಂಗಡಿಯ ಶಾಹೀದ ಮೋಟರ್ ಸೈಕಲ್ ಮೇಲೆ ಬಂದ. ಬೋಲ್ಟಿನ ಚೀಲವನ್ನು ಮುಂದಿಟ್ಟುಕೊಂಡು ಹಾಡು ಗುನುಗುತ್ತ ಬಂದವನು ಶಾಮಿಯಾನಾ ಕಂಡು ಗಾಡಿ ನಿಲ್ಲಿಸಿದ.

"ಯಾರ್ರಿ?" ಎಂದು ಮೆಲ್ಲಗೆ ಕೇಳಿದ.

"ಅತ್ತಿ" ಎಂದಳು ನಿರ್ಮಲಾ.

ಶಾಹೀದ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಮೊನ್ನಿ ಅಂಗಡಿಗೆ ಬಂದು ಬೈದು ಹೋಗಿದ್ರು. ಗುರುವಾರ ಬರದಿದ್ರ ನಿನ್ನ ಅಂಗಡಿ ಮುಂದ ಬಂದು ಕುಂದರತೀನಿ ಅಂದಿದ್ರು. ನಾ ಬಂದೆ, ಅವರ..." ಪಡಸಾಲೆಗೆ ಹೋಗಿ ಹೊಸ್ತಿಲಲ್ಲಿ ನಿಂತು ಕೈಮುಗಿದು ಬಂದು, ಅಂಗಿಯ ತೋಳು ಮಡಚಿದ.

ಕೆಲಸಕ್ಕೆ ವೇಗ ಬಂತು. ಅಮರೇಶ ಹಲಗೆ ಕೂಡಿಸುವನು, ಶಾಹೀದ ಬೋಲ್ಟು ಬಿಗಿಯುವನು. ತೂತುಗಳನ್ನು ಹೊನ್ನವ್ವ ತಾನೇ ಗಿರಮಿಟ್ಟು ತಿರುವಿ ಹಾಕಿಟ್ಟಿದ್ದಳು. ಒಂದೂ ಅತ್ತಿತ್ತ ಆಗಿರಲಿಲ್ಲ. ಅಳುತ್ತ ಕೂತಿದ್ದ ಆಳು ಹೆಂಗಸರಲ್ಲಿ ಒಬ್ಬೊಬ್ಬರೇ ಎದ್ದು ಬಂದು ಹಲಗೆಯ ತುದಿ ಹಿಡಿದರು. ಗುಡ್ಡವ್ವ ಎಂಬುವಳು, "ಇದು ನಾ ಕುಂದರೂ ಜಾಗ, ಇಲ್ಲಿ ಗಟ್ಟಿ ಬಿಗೀರಿ" ಎಂದಾಗ ಯಾರೋ ನಕ್ಕರು, ನಕ್ಕವರೇ ಮತ್ತೆ ಕಣ್ಣೊರೆಸಿಕೊಂಡರು. ಗುರುಸಂಗಪ್ಪನಿಗೂ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಂದು ಹಲಗೆಗಳ ನಡುವೆ ಉಗುರು ತೂರಿಸಿ ನೋಡಿದ. ಉಗುರು ಹೋಗಲಿಲ್ಲ.

"ಒಣಗ್ಯಾವ ಬಿಡು" ಎಂದ. ಹೊಗಳಿಕೆ ಅವನ ಬಾಯಿಂದ ಬರುವುದೇ ಅಷ್ಟು.

ಎಲ್ಲ ಮುಗಿದ ಮೇಲೆ ಒಂದು ಹಲಗೆ ಉಳಿಯಿತು. ಉಳಿದವಕ್ಕಿಂತ ದಪ್ಪ, ಆದರೆ ಮೊಳದಷ್ಟೇ ಉದ್ದ. ಎರಡೂ ತುದಿಗೆ ತೂತು.

"ಅಳತಿ ತಪ್ಪ್ಯಾಳ ವೈನಿ" ಎಂದ ಗುರುಸಂಗಪ್ಪ. "ವಯಸ್ಸ ಆಗಿತ್ತು. ಅದನ್ನ ಸೌದಿಗೆ ಹಾಕ್ರಿ."

ನಿರ್ಮಲಾ ಅದನ್ನು ಕೊಡಲಿಲ್ಲ. ಗೋಡೆಗೆ ಒರಗಿಸಿ, ರಸ್ತೆ ದಾಟಿ ಮಾನವ್ವನ ಹತ್ತಿರ ಹೋದಳು.

"ಏಳ್ರಿ ದೊಡ್ಡವ್ವಾ. ಹೊಲಕ್ಕ ಹೋಗೂಣು."

"ನಾ ಇಲ್ಲಿಂದನ ಕೈ ಮುಗೀತೀನಿ. ಅಷ್ಟ ದೂರ ನಡಿಯಾಕ ಆಗೂದಿಲ್ಲ, ಆ ಎತ್ತರ ಹತ್ತಾಕ ಆಗೂದಿಲ್ಲ."

"ಎತ್ತಿ ಕುಂದರಸ್ತೀವಿ."

"ಉಳ್ಳಾಗಡ್ಡಿ ಚೀಲ ಎತ್ತಿದಂಗ? ಬ್ಯಾಡ." ಮಾನವ್ವ ಕೋಲನ್ನು ನೆಲಕ್ಕೆ ಒತ್ತಿದಳು. "ನನ್ನ ಹೇಲುಚ್ಚಿ ಬಳದಾಳ, ನಾ ಇಲ್ಲ ಅನ್ನೂದಿಲ್ಲ. ಆದ್ರ ಒಂದ ದಿನಾ 'ಮಾನೀ, ತಪ್ಪಾತು' ಅನ್ನಲಿಲ್ಲ. ಆ ಒಂದ ಮಾತಿಗೆ ಕಾದೆ ನಾನು. ಇನ್ನ ಯಾರ ಅಂತಾರ?"

ನಿರ್ಮಲಾ ಮರಳಿದಳು. ಆಗಲೇ ವಿಮಾನವನ್ನು ಟ್ರೇಲರಿಗೆ ಏರಿಸಿ, ಹೊನ್ನವ್ವನನ್ನು ಅದರಲ್ಲಿ ಕೂರಿಸಿ ಕಟ್ಟುತ್ತಿದ್ದರು. ಭಜನೆಯವರ ತಾಳ ಶುರುವಾಗಿತ್ತು. ಬಿಸಿಲು ಪಡುವಣಕ್ಕೆ ಇಳಿದಿತ್ತು.

"ಅಕ್ಕಾರ, ಇವೆರಡ ಉಳದಾವು" ಎಂದು ಶಾಹೀದ ಚೀಲದ ತಳದಿಂದ ಮೂಲೆಯಾಕಾರದ ಎರಡು ಕಬ್ಬಿಣದ ಪಟ್ಟಿ ತೆಗೆದ. "ಇಂಥಾವು ಎರಡ ಮಾಡು ಅಂದಿದ್ರು. ಯಾತಕ್ಕ ಅಂತ ಕೇಳಿದ್ರ, ಹೇಳಿದಷ್ಟ ಮಾಡು ಅಂದ್ರು. ಇವಕ್ಕ ಎಲ್ಲೂ ಜಾಗಾ ಇಲ್ಲ."

ನಿರ್ಮಲಾ ಅವನ್ನು ಕೈಗೆ ತೆಗೆದುಕೊಂಡಳು. ಟ್ರೇಲರಿನ ಹಿಂಬದಿಯ ಕೆಳಗಿನ ಪಟ್ಟಿಯ ಮೇಲೆ ಸೀಮೆಸುಣ್ಣದ ಖಡುವಿನ ಬಿಳಿಯ ಗೆರೆಯೊಂದು ಇನ್ನೂ ಉಳಿದಿತ್ತು.

* * *

ಕಾರಹುಣ್ಣಿಮೆಗೆ ಮುಂಚೆ ಒಂದು ಮಧ್ಯಾಹ್ನ ಹೊನ್ನವ್ವ ಸೊಸೆಯನ್ನು ಅಂಗಳಕ್ಕೆ ಕರೆದಿದ್ದಳು. ಟ್ರೇಲರಿನ ಹಿಂದೆ ನೆಲದ ಮೇಲೆ ಒಂದಿಷ್ಟು ಇಟ್ಟಿಗೆ ಪೇರಿಸಿದ್ದಳು.

"ಬಲಗಾಲ ಮಡಚಬ್ಯಾಡ. ಕಟಗೀ ಕಾಲು ಅಂತ ತಿಳಕೋ. ಈಗ ಹತ್ತು."

"ಯಾಕ್ರಿ ಅತ್ತಿ?"

"ಹತ್ತು ಅಂದೆ."

ನಿರ್ಮಲಾ ಹತ್ತಲಾರದೆ ಜಾರಿದಳು. ಹೊನ್ನವ್ವ ಇನ್ನೊಂದು ಇಟ್ಟಿಗೆ ಇಟ್ಟಳು, ಮತ್ತೆ ಹತ್ತಿಸಿದಳು, ತೆಗೆದಳು, ಮತ್ತೆ ಇಟ್ಟಳು. ಮುದುಕಿಗೆ ಅರಳು ಮರಳು ಶುರುವಾಯಿತೆಂದು ನಿರ್ಮಲಾ ಹೊಟ್ಟೆ ಹಿಡಿದು ನಕ್ಕಿದ್ದಳು. ಕೊನೆಗೊಮ್ಮೆ ಕಾಲು ಮಡಚದೆಯೇ ಸಲೀಸಾಗಿ ಮೇಲೇರಿದಾಗ, ಹೊನ್ನವ್ವ ಆ ಎತ್ತರಕ್ಕೆ ಖಡುವಿನಿಂದ ಗೆರೆ ಎಳೆದು, "ಹೋಗು, ಇನ್ನ ರೊಟ್ಟಿ ಬಡಿ" ಎಂದು ಕಳಿಸಿಬಿಟ್ಟಿದ್ದಳು.

* * *

"ಶಾಹೀದಣ್ಣಾ," ಎಂದಳು ನಿರ್ಮಲಾ. ಗೆರೆಯ ಮೇಲೆ ಬೆರಳಿಟ್ಟಳು. "ಈ ಗೆರೀಗೆ ಸರಿಯಾಗಿ ಇವನ್ನ ಬಿಗಿ. ಅದರ ಮ್ಯಾಲೆ ಆ ಗಿಡ್ಡ ಹಲಿಗಿ."

ಭಜನೆಯವರು ತಾಳ ನಿಲ್ಲಿಸಿ ಕಾದರು. ಗುರುಸಂಗಪ್ಪ, "ಹೊತ್ತ ಹೋಗಾಕತ್ತೈತಿ" ಎನ್ನಲು ಬಾಯಿ ತೆರೆದವನು ಹಲಗೆ ಕೂತ ಜಾಗ ನೋಡಿ ಬಾಯಿ ಮುಚ್ಚಿದ. ಗೋಡೆಗಿಟ್ಟಿದ್ದ ಸುತ್ತಿಗೆಯನ್ನು ಅವನೇ ತಂದು ಶಾಹೀದನ ಕೈಗೆ ಕೊಟ್ಟ.

ಈ ಸಲ ನಿರ್ಮಲಾ ರಸ್ತೆ ದಾಟಿ ಬೇಡಿಕೊಳ್ಳಲಿಲ್ಲ. ಮಾನವ್ವನ ರಟ್ಟೆ ಹಿಡಿದು ಎಬ್ಬಿಸಿದಳು.

"ಹತ್ತೂದ ಬ್ಯಾಡ್ರಿ, ನೋಡಿ ಹೋಗ್ರಿ."

ಮಾನವ್ವ ಕೋಲೂರುತ್ತ ಬಂದಳು. ಟ್ರೇಲರಿನ ಹಿಂದೆ ತೂಗಿದ್ದ ಮೆಟ್ಟಿಲನ್ನು ನೋಡಿದಳು. ತನ್ನ ಕಾಲು ನೋಡಿಕೊಂಡಳು. ಮತ್ತೆ ಮೆಟ್ಟಿಲು ನೋಡಿದಳು.

"ಇದನ್ನ ಯಾವಾಗ ಮಾಡಿದ್ಲು?"

"ಉಳದ ಹಲಿಗೀ ಜೋಡಿನ ಕೊಯ್ಸ್ಯಾರ. ಒಂದ ಮರದ್ದು. ಒಣಗಬೇಕಿತ್ತು, ದೊಡ್ಡವ್ವಾ. ಹಸೀದು ಹಾಕಿದ್ರ ಮತ್ತ ಬೀಳ್ತೀರಿ ಅಂತ ಹೆದರಿದ್ರು."

ಮಾನವ್ವ ಎಡಗಾಲನ್ನು ಮೆಟ್ಟಿಲ ಮೇಲಿಟ್ಟು, ಭಾರ ಹಾಕಿ ಒಮ್ಮೆ ಒತ್ತಿ ನೋಡಿದಳು. ಹಲಗೆ ಮುರಿದ ಆ ಸಂಜೆಯ ನಂತರ ಅವಳು ಮನೆಯ ಹೊಸ್ತಿಲನ್ನೂ ಹೀಗೆ ಒತ್ತಿ ನೋಡದೆ ದಾಟುತ್ತಿರಲಿಲ್ಲ. ಹಲಗೆ ಅಲುಗಲಿಲ್ಲ. ಕೋಲನ್ನು ನಿರ್ಮಲಾಳ ಕೈಗೆ ಕೊಟ್ಟು, ಬದಿಯ ಪಟ್ಟಿ ಹಿಡಿದು, ಯಾರ ನೆರವೂ ಇಲ್ಲದೆ ಮೇಲೇರಿದಳು.

ಮೇಲೆ ನಿಂತು ಹೊನ್ನವ್ವನ ಮುಖ ನೋಡಿದಳು. "ಬಾಯಿಲೇ ಒಂದ ಮಾತ ಹೇಳಿದ್ರ ಏನಾಗತಿತ್ತ ನಿನಗ?" ಎಂದು ಬೈದಳು. ಬೈಯುತ್ತಲೇ ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು.

ಅಮರೇಶ ತಾಯಿಯ ಬಲಕ್ಕೆ ಕೂತ. ಶಾಹೀದ ಟ್ರ್ಯಾಕ್ಟರ್ ಚಾಲೂ ಮಾಡಿದ. ಟ್ರೇಲರ್ ಒಂದು ಸಲ ಜಗ್ಗಿ ಹೊರಟಾಗ ವಿಮಾನ ತುಸು ವಾಲಿತು. ಹೊನ್ನವ್ವನ ಎಡಕ್ಕೆ, ತನ್ನ ಎಂದಿನ ಜಾಗದಲ್ಲಿ ಕೂತಿದ್ದ ಮಾನವ್ವ, ಮಡಚದ ಕಾಲನ್ನು ಹೊಸ ಹಲಗೆಯ ಮೇಲೆ ಉದ್ದಕ್ಕೆ ಚಾಚಿ, ವಿಮಾನದ ಬಿದಿರನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.