ಹಣೆಬರಹ ಓದುವ ಕಂಪೈಲರ್

ತಪ್ಪು ಮಾಡಿ ಬೈಸಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಪ್ಪು ಮಾಡುವುದಕ್ಕೆಂದೇ ಸಂಬಳ ಪಡೆಯುವವಳು ಅವಳೊಬ್ಬಳೇ. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ತಪ್ಪಕ್ಕ ಎನ್ನುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ.

ಆ ಲ್ಯಾಬಿನ ಕೆಲಸ ಕಂಪೈಲರುಗಳ ಪರೀಕ್ಷೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಮಧ್ಯಸ್ಥನೇ ಕಂಪೈಲರು. ಮಧ್ಯಸ್ಥರ ಬುದ್ಧಿ ಗೊತ್ತೇ ಇದೆಯಲ್ಲ. ಒಬ್ಬೊಬ್ಬ ಒಂದೊಂದು ಥರ ಹೇಳಬಾರದೆಂದು ತಲೆದಿಂಬಿನಷ್ಟು ದಪ್ಪದ ನಿಯಮದ ಪುಸ್ತಕವೊಂದಿತ್ತು. ಕಂಪೈಲರು ಆ ಪುಸ್ತಕದಂತೆ ನಡೆಯುತ್ತದೆಯೇ ಎಂದು ನೋಡಲು ಸಾವಿರಾರು ಪುಟಾಣಿ ಪ್ರೋಗ್ರಾಮುಗಳನ್ನು ಅದರ ಬಾಯಿಗೆ ಹಾಕುತ್ತಾರೆ. ಸರಿಯಾದದ್ದನ್ನು ಅದು ಒಪ್ಪಬೇಕು. ಬೇಕೆಂದೇ ತಪ್ಪಾಗಿ ಬರೆದದ್ದನ್ನು ಹಿಡಿದು, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಹೇಳಬೇಕು. ಆ ತಪ್ಪುಗಳನ್ನೆಲ್ಲ ಬರೆಯುವವಳು ತಪ್ಪಕ್ಕ. ಸೊಸೆ ದಿನವಿಡೀ ತಪ್ಪು ಬರೆದು ಬರುತ್ತಾಳೆ, ಸಾರಿಗೆ ಉಪ್ಪಾದರೂ ಸರಿಯಾಗಿ ಹಾಕಲಿ ಎಂದು ಅವಳ ಅತ್ತೆ ಮೇಲಿನ ಮಹಡಿಯ ಮುದುಕಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದರು.

ಪ್ರತಿ ಪರೀಕ್ಷೆಯ ನೆತ್ತಿಯ ಮೇಲೆ ಒಂದು ಸಾಲಿರುತ್ತಿತ್ತು: ಇದು ಸರಿ, ಇಲ್ಲವೇ ಇದು ತಪ್ಪು, ಇಷ್ಟನೇ ಸಾಲಿನಲ್ಲಿ. ಅದು ಮನುಷ್ಯರು ಓದಿಕೊಳ್ಳಲು ಬರೆದಿಟ್ಟ ಟಿಪ್ಪಣಿ, ಕಂಪೈಲರು ಕಣ್ಣೆತ್ತಿಯೂ ನೋಡದೆ ದಾಟಿಕೊಂಡು ಹೋಗಬೇಕು. ಲ್ಯಾಬಿನವರು ಅದಕ್ಕೆ ಹಣೆಬರಹ ಎಂದು ಹೆಸರಿಟ್ಟಿದ್ದರು. ಉತ್ತರವನ್ನು ಪ್ರಶ್ನೆಪತ್ರಿಕೆಯ ಮೇಲೇ ಬರೆದಿಡುವುದು ಯಾವ ಜಾಣತನ ಎಂದು ಯಾರೂ ಕೇಳಿರಲಿಲ್ಲ. ದೊಡ್ಡವರು ಮಾಡಿಟ್ಟ ಪದ್ಧತಿ, ನಡೆದುಕೊಂಡು ಬಂದಿತ್ತು.

ಹೀಗಿರುವಾಗ ಅವಳ ಮೈದುನ ಒಂದು ಕಂಪೈಲರು ಕಟ್ಟಿ ಪರೀಕ್ಷೆಗೆ ತಂದ. ಅತ್ತೆಯ ಕಿರಿಮಗ, ಕಣ್ಮಣಿ. ಗಂಡ, ಮಕ್ಕಳು, ಒಡಹುಟ್ಟಿದವರ ಕಂಪೈಲರನ್ನು ಪರೀಕ್ಷಿಸುವ ಹಾಗಿಲ್ಲ ಎಂದು ಲ್ಯಾಬಿನ ನಿಯಮವಿತ್ತು. ಮೈದುನನನ್ನು ಸೇರಿಸಲು ಮರೆತಿದ್ದರು. ಅವಳೇ ಹೋಗಿ ಹೇಳಿದಾಗ, ಇಲ್ಲದ ನಿಯಮವನ್ನು ಪಾಲಿಸುವುದೂ ನಿಯಮಭಂಗವೇ ಎಂದು ನಿರ್ದೇಶಕರು ತಿಳಿಹೇಳಿ ಕಳಿಸಿದರು.

ಕಂಪೈಲರು ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಒಂದರಲ್ಲಾದರೂ ಎಡವಬೇಡವೇ? ಘಟಾನುಘಟಿ ಕಂಪನಿಗಳ ಕಂಪೈಲರುಗಳೇ ತಪ್ಪಕ್ಕನ ಮುಂದೆ ಮುಗ್ಗರಿಸಿ ಬಿದ್ದಿದ್ದವು. ಅತ್ತೆಗೆ ಸುದ್ದಿ ಮುಟ್ಟಿತು, ಅತ್ತೆಯಿಂದ ಮೇಲಿನ ಮನೆಯ ಮುದುಕಿಗೆ ಮುಟ್ಟಿತು. ಅತ್ತೆಯ ಖುಷಿಗೆ ಇನ್ನೊಂದು ಕಾರಣವಿತ್ತು. ಅವರ ಕಟ್ಟಡದ ಹಳೆಯ ಲಿಫ್ಟು ಕೆಟ್ಟು ಹೋದಾಗಿನಿಂದ ಮಂಡಿನೋವಿನ ಅವರು ನಾಲ್ಕನೇ ಮಹಡಿಯಿಂದ ಕೆಳಗಿಳಿದಿರಲಿಲ್ಲ. ಈಗ ಹೊಸ ಲಿಫ್ಟು ಬಂದು ನಿಂತಿತ್ತು. ಅದನ್ನು ನಡೆಸುವ ಪ್ರೋಗ್ರಾಮು ತಯಾರಾದದ್ದು ಮೈದುನನ ಕಂಪೈಲರಿನಲ್ಲೇ. ಅದು ಓಡಲು ತಪ್ಪಕ್ಕ ಕಂಪೈಲರಿನ ಪ್ರಮಾಣಪತ್ರಕ್ಕೆ ಸಹಿ ಹಾಕುವುದೊಂದೇ ಬಾಕಿ.

ಸಹಿಗೆ ಮುಂಚೆ ಫಲಿತಾಂಶಗಳ ಮೇಲೆ ಕಣ್ಣಾಡಿಸುವಾಗ ಅವಳ ಬೆರಳು ಒಂದು ಕಡೆ ನಿಂತಿತು. ಅದು ಅವಳೇ ಅವಸರದಲ್ಲಿ ಬರೆದಿದ್ದ ಹೊಸ ಪರೀಕ್ಷೆ. ಬೇರೆ ಪರೀಕ್ಷೆಯ ಹಣೆಬರಹವನ್ನು ಹಾಗೇ ಎತ್ತಿ ಇದರ ನೆತ್ತಿಗೆ ಅಂಟಿಸಿದ್ದಳು, ತಿದ್ದಲು ಮರೆತಿದ್ದಳು. ತಪ್ಪು, ಹನ್ನೊಂದನೇ ಸಾಲಿನಲ್ಲಿ ಎಂದಿತ್ತು. ಕಂಪೈಲರೂ ಅದನ್ನೇ ಹೇಳಿ ಪಾಸಾಗಿತ್ತು: ತಪ್ಪು, ಹನ್ನೊಂದನೇ ಸಾಲಿನಲ್ಲಿ. ಆದರೆ ಆ ಪ್ರೋಗ್ರಾಮು ಅಪ್ಪಟ ಸರಿಯಾಗಿತ್ತು. ಮೇಲಾಗಿ ಅದರಲ್ಲಿದ್ದದ್ದು ಒಂಬತ್ತೇ ಸಾಲು.

ತಪ್ಪಕ್ಕನಿಗೆ ಮೊದಲು ನಗು ಬಂತು, ಆಮೇಲೆ ಲಿಫ್ಟು ನೆನಪಾಯಿತು. ಸಂಜೆ ಮೈದುನನನ್ನು ಅಡುಗೆಮನೆಗೆ ಕರೆದು ಕೇಳಿದಳು. ಅವನು ಲೋಟ ತೊಳೆಯುವ ನೆಪದಲ್ಲಿ ತಲೆ ತಗ್ಗಿಸಿಕೊಂಡೇ ಒಪ್ಪಿಕೊಂಡ. ಸರಿ ಇದ್ದದ್ದನ್ನು ಕಂಪೈಲರು ಸರಿಯಾಗಿಯೇ ಮಾಡುತ್ತದೆ. ತಪ್ಪು ಹಿಡಿಯುವ ಭಾಗ ಇನ್ನೂ ಅರ್ಧವೂ ಆಗಿಲ್ಲ, ಗಡುವು ಹತ್ತಿರ ಬಂತು, ಅದಕ್ಕೇ ಹಣೆಬರಹ ಓದುವುದನ್ನು ಕಲಿಸಿದೆ ಎಂದ.

"ಲಿಫ್ಟಿನ ಪ್ರೋಗ್ರಾಮ್ ಬರೆದವರು ತಪ್ಪು ಮಾಡಿದ್ರೆ?" ಎಂದು ಕೇಳಿದಳು.

"ಅವರು ಬುದ್ಧಿವಂತರು ಅತ್ತಿಗೆ, ಯಾಕೆ ಮಾಡ್ತಾರೆ?"

ಮರುದಿನ ಅವಳು ನಿರ್ದೇಶಕರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಅವರು ಕನ್ನಡಕ ಒರೆಸಿಕೊಂಡು ಕೇಳಿದರು. ತಪ್ಪಾದ ಪರೀಕ್ಷೆಯನ್ನು ಅದರ ಫಲಿತಾಂಶದ ಸಮೇತ ಹಿಂತೆಗೆದುಕೊಳ್ಳಬೇಕು ಎಂಬುದು ನಿಯಮ, ಆದ್ದರಿಂದ ನೀವು ತಂದ ಸಾಕ್ಷಿ ಈಗ ಇಲ್ಲವೇ ಇಲ್ಲ ಎಂದರು. ಎಲ್ಲ ಹಣೆಬರಹಗಳನ್ನೂ ಅಳಿಸಿ ಮತ್ತೊಮ್ಮೆ ಪರೀಕ್ಷಿಸಿ ತೋರಿಸುತ್ತೇನೆ ಎಂದು ಅವಳು ಹೇಳಿದಳು. ಪ್ರಕಟವಾದ ಪರೀಕ್ಷೆಯ ಒಂದು ಅಕ್ಷರವನ್ನೂ ಬದಲಿಸುವ ಹಾಗಿಲ್ಲ ಎಂಬ ಇನ್ನೊಂದು ನಿಯಮ ಹೊರಬಂತು. ಮೇಲಿಂದ, ತಪ್ಪು ಬರೆಯಬೇಕಾದ ಕಡೆ ಸರಿ ಬರೆದದ್ದಕ್ಕೆ ಅವಳ ಕೈಗೊಂದು ಮೆಮೊ ಸಿಕ್ಕಿತು. ಸೋಮವಾರ ಸಹಿ ಆಗಿರಬೇಕು, ನೀವು ಹಾಕದಿದ್ದರೆ ನಿಮ್ಮ ಕುರ್ಚಿಯಲ್ಲಿ ಕೂರುವವರು ಹಾಕುತ್ತಾರೆ ಎಂದರು. ಸಿಟ್ಟಿನಿಂದ ಅವಳ ಕಿವಿಗಳು ಕೆಂಪಾದವು. ಸಿಟ್ಟು ಮಾಡುವ ಹಾಗಿಲ್ಲ ಎಂಬ ನಿಯಮ ಮಾತ್ರ ಸದ್ಯಕ್ಕೆ ಇರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಮ್ಮ. ಅವನು ಏಣಿ ತಂದು, ಚೆನ್ನಾಗಿಯೇ ಉರಿಯುತ್ತಿದ್ದ ಬಲ್ಬನ್ನು ಬದಲಾಯಿಸಲು ಹತ್ತಿದ.

ಭಾನುವಾರ ಬೆಳಿಗ್ಗೆ ತಪ್ಪಕ್ಕ ಕೆಳಗಿಳಿದು ಹೋಗಿ ಕಾವಲುಗಾರನಿಗೆ ಹೇಳಿ ಲಿಫ್ಟಿನ ಮೋಟಾರಿನ ಸ್ವಿಚ್ಚು ಆರಿಸಿ ಬಂದಳು. ಲಿಫ್ಟು ಅವರ ಮಹಡಿಯಲ್ಲೇ ಬಾಗಿಲು ತೆರೆದುಕೊಂಡು ನಿಂತಿತ್ತು, ಒಳಗೆ ದೀಪ ಉರಿಯುತ್ತಿತ್ತು. ಇನ್ನು ಯಾರು ಗುಂಡಿ ಒತ್ತಿದರೂ ಅದು ಇದ್ದಲ್ಲಿಂದ ಕದಲುವಂತಿರಲಿಲ್ಲ. ಮನೆಯಲ್ಲಿ ಅದು ಅವಳೊಬ್ಬಳಿಗೇ ಗೊತ್ತಿತ್ತು. ಆಮೇಲೆ ಅತ್ತೆಗೆ ಒಳ್ಳೆಯ ಸೀರೆ ಉಡಿಸಿ, ಕೈಹಿಡಿದು ಲಿಫ್ಟಿನ ಮುಂದೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು. ಮೈದುನನನ್ನೂ ಕರೆದಳು.

"ನಾಳೆ ಸಹಿ ಹಾಕ್ತೀನಿ. ಇವತ್ತು ನೀನೇ ಮೊದಲು ಅಮ್ಮನ್ನ ಇದರಲ್ಲಿ ಕೆಳಗೆ ಕರ್ಕೊಂಡು ಹೋಗು."

ಅತ್ತೆಯ ಮುಖ ಅರಳಿತು. ಮಗನ ಲಿಫ್ಟಿನಲ್ಲಿ ಮೊದಲ ಸವಾರಿ! ಕೈಯೂರಿ ಏಳಲು ಹೊರಟರು. ಮೈದುನ ಲಿಫ್ಟಿನೊಳಗೆ ಇಣುಕಿ ನೋಡಿದ, ಗುಂಡಿಗಳನ್ನು ನೋಡಿದ, ಅಮ್ಮನ ಮಂಡಿಗಳನ್ನು ನೋಡಿದ. ಇದಕ್ಕೆ ಎಲ್ಲೂ ಹಣೆಬರಹ ಬರೆದಿರಲಿಲ್ಲ. ಅವನ ಮೇಲುತುಟಿಯ ಮೇಲೆ ಬೆವರು ಒಡೆಯಿತು.

"ಬೇಡಮ್ಮ, ನಾನು ಹೊತ್ಕೊಂಡು ಹೋಗ್ತೀನಿ, ಬಾ."

ಅತ್ತೆ ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಅವನ ಕೊರಳಿಗೆ ಕೈ ಹಾಕಿ ಬೆನ್ನೇರಿದರು. ತಪ್ಪಕ್ಕ ಅವರ ಚಪ್ಪಲಿ ಹಿಡಿದುಕೊಂಡು ಹಿಂದೆ ಇಳಿದಳು. ಅವನು ಏದುಸಿರು ಬಿಡುತ್ತ ಒಂದೊಂದೇ ಮೆಟ್ಟಿಲಿಳಿದ. ಎರಡನೇ ಮಹಡಿಯ ತಿರುವಿನಲ್ಲಿ ಅತ್ತೆ ಬಾಯಿ ಬಿಟ್ಟರು. ದನಿ ಸಣ್ಣಗಿತ್ತು.

"ನನಗೇನೋ ಹೊರೋಕೆ ನೀನಿದ್ದೀಯ. ನಾಳೆ ಮೇಲಿನ ಮನೆ ಮುದುಕಿ ಲಿಫ್ಟ್ ಹತ್ತಿದ್ರೆ, ಅವಳನ್ನ ಹೊರೋಕೆ ಯಾರಿದ್ದಾರಪ್ಪ?"

ಮೈದುನ ಅಲ್ಲೇ ನಿಂತುಬಿಟ್ಟ. ಉತ್ತರ ಎಲ್ಲಾದರೂ ಬರೆದಿದೆಯೇನೋ ಎಂಬಂತೆ ಗೋಡೆ ನೋಡಿದ. ಗೋಡೆ ಖಾಲಿ ಇತ್ತು. ಅಮ್ಮನನ್ನು ಮೆಲ್ಲಗೆ ಮೆಟ್ಟಿಲ ಮೇಲೆ ಕೂರಿಸಿ, ಫೋನು ತೆಗೆದು, ಕಂಪೈಲರನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ನಿರ್ದೇಶಕರಿಗೆ ಹೇಳಿದ. ಅವರಿಗೆ ನಿಜವಾಗಿ ಸಂಕಟವಾಯಿತು. ಎಲ್ಲದರಲ್ಲೂ ಪಾಸಾದ ಕಂಪೈಲರನ್ನು ಹಿಂತೆಗೆದುಕೊಳ್ಳಲು ನಮ್ಮಲ್ಲಿ ನಿಯಮವೇ ಇಲ್ಲವಲ್ಲ ಎಂದರು.

ತಪ್ಪಕ್ಕ ಅತ್ತೆಯ ಪಕ್ಕದಲ್ಲಿ ಕುಳಿತಳು. ಲಿಫ್ಟಿನ ಸ್ವಿಚ್ಚು ಆರಿಸಿ ಬಂದ ವಿಷಯವನ್ನು ಅವಳು ಅವನಿಗೆ ಹೇಳಲಿಲ್ಲ. ಅತ್ತೆ ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಮುಂದಿನ ಪರೀಕ್ಷೆಯಲ್ಲಿ ಇವನಿಗೆ ಇನ್ನೂ ಕಷ್ಟದ ತಪ್ಪುಗಳನ್ನು ಬರೆಯಬೇಕು ಎಂದರು.