ಅತ್ತೆಯನ್ನು ಸಾಯಿಸಿ ಕೇಳಿದ ಗಡುವು

ಹೊಸದುರ್ಗದಲ್ಲಿ ಪೇಂಟ್ ಅಂಗಡಿ ಇಟ್ಟಿರುವ ಅನುಸೂಯಳ ತೆರಿಗೆ ವ್ಯವಹಾರವನ್ನೆಲ್ಲ ತೆರಿಗೆ ಸಲಹೆಗಾರ ಕಲ್ಲೇಶ್ ನೋಡಿಕೊಳ್ಳುತ್ತಿದ್ದ. ನೋಡಿಕೊಳ್ಳುತ್ತಿದ್ದ ಎನ್ನುವುದು ಅವನ ಮಾತು. ಜಿಎಸ್‌ಟಿ ಕಡಿಮೆ ಕಟ್ಟಿದ್ದೀರಿ ಎಂದು ಚಿತ್ರದುರ್ಗದ ತೆರಿಗೆ ಕಚೇರಿಯಿಂದ ಬಂದ ನೋಟಿಸು ಅವನ ಇಮೇಲಿನಲ್ಲೇ ಬಿದ್ದಿತ್ತು. ಉತ್ತರ ಕೊಡುವ ಗಡುವು ಮುಗಿದ ಮೇಲೆ ಮಹಾಶಯ ಅದನ್ನು ತೆರೆದ. ತೆರೆದವನೇ ಅನುಸೂಯಳಿಗೆ ಫೋನ್ ಮಾಡಿ ಬೈದ.

“ಏನಕ್ಕಾ, ಪೋರ್ಟಲ್ ನೋಡ್ಕಳಾದು ನಿಮ್ಮ ಜವಾಬ್ದಾರಿ ಅಲ್ವಾ?”

“ಪಾಸ್‌ವರ್ಡೇ ನೀನು ಕೊಟ್ಟಿಲ್ವಲ್ಲಪ್ಪ!”

“ಇರ್ಲಿ ಬಿಡ್ರಿ. ಒಳ್ಳೆ ಕಾರಣ ಬರ್ದು ಟೈಮ್ ಕೇಳ್ತೀನಿ. ನೀವು ವಿಚಾರಣೆಗೆ ಬಂದು ಸುಮ್ನೆ ಕೈ ಮುಗೀರಿ.”

ಏನು ಕಾರಣ ಎಂದರೆ, ಅದು ಕಾನೂನಿನ ಭಾಷೆ, ನಿಮಗೆ ತಿಳಿಯಲ್ಲ ಎಂದ. ವಿಚಾರಣೆಯ ದಿನ ಹಿರಿಯೂರಿನಲ್ಲಿ ಮದುವೆ ಐತೆ ಎಂದು ಜಾರಿಕೊಂಡ. ಅತ್ತೆ ನಿಂಗಕ್ಕನ ಕಣ್ಣನ್ನು ಡಾಕ್ಟರಿಗೆ ತೋರಿಸುವುದೂ ಇತ್ತಾದ್ದರಿಂದ ಅನುಸೂಯ ಆಕೆಯನ್ನೂ ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು.

ತೆರಿಗೆ ಅಧಿಕಾರಿ ಸುಚಿತ್ರಾ, ಕಲ್ಲೇಶ್ ಕಳಿಸಿದ್ದ ಅರ್ಜಿ ಓದಿ, ದನಿ ತಗ್ಗಿಸಿ, “ನಿಮ್ಮ ಅತ್ತೆ ತೀರಿಕೊಂಡಿದ್ದು ಯಾವಾಗಮ್ಮ?” ಎಂದರು.

ಅನುಸೂಯ ಬಾಯಿ ತೆರೆಯುವ ಮೊದಲೇ ನಿಂಗಕ್ಕ ಎದ್ದು ನಿಂತಳು. “ಯಾರವ್ವಾ ಸತ್ತಿದ್ದು? ಬೆಳಿಗ್ಗೆ ಮುದ್ದೆ ಉಂಡು ಬಂದೀನಿ ನಾನು!”

ಅನುಸೂಯಳಿಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ನಡೆದದ್ದನ್ನೆಲ್ಲ ಒಪ್ಪಿಸಿದಳು.

“ಕಲ್ಲೇಶ್ ತಾನೆ?” ಸುಚಿತ್ರಾ ಅರ್ಜಿಯನ್ನು ಬದಿಗೆ ತಳ್ಳಿದರು. “ಅವರು ಬರೆದರೆ ಬರೀ ಅತ್ತೆಯರೇ ಸಾಯ್ತಾರೆ. ಮಾವಂದಿರೆಲ್ಲ ಗಟ್ಟಿ ಇದ್ದಾರೆ. ನಿಜ ಏನು ಅಂತ ಬರೆದುಕೊಡಿ, ಒಂದು ವಾರ ಕೊಡ್ತೀನಿ. ಅದೂ ದಾಟಿದರೆ ನೇರ ತೆರಿಗೆ, ದಂಡ ಕಟ್ಟೋ ಆದೇಶ.”

ಅಲ್ಲೇ ಕುಳಿತು ಬರೆದುಕೊಟ್ಟು ಹೊರಗೆ ಬಂದ ಅನುಸೂಯ ಕಲ್ಲೇಶನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಆ ಕಡೆ ವಾಲಗದ ಸದ್ದು.

“ಅತ್ತೇನ ಯಾಕೆ ಕರ್ಕಂಡು ಹೋದ್ರಿ? ಕೇಸೇ ಕೆಡಿಸಿಬಿಟ್ರಲ್ಲ!” ಎಂದು ಅವನೇ ಕೂಗಾಡಿದ.

“ಮನುಷ್ಯನೇನೋ ನೀನು? ಪಾಸ್‌ವರ್ಡ್ ಕಳ್ಸು. ಇನ್ನು ನಮ್ಮ ಕೆಲಸ ಮುಟ್ಬೇಡ.”

ಹೊಳಲ್ಕೆರೆಯಲ್ಲಿ ಲೆಕ್ಕಪತ್ರ ನೋಡುವ ಮೇಘಶ್ರೀ ಖರೀದಿ ಬಿಲ್ಲುಗಳನ್ನು ಹೊಂದಿಸಿ, ತೆರಿಗೆ ಸರಿಯಾಗಿಯೇ ಕಟ್ಟಿದೆ ಎಂದು ತೋರಿಸಿ ವಾರದೊಳಗೆ ಉತ್ತರ ಸಲ್ಲಿಸಿದಳು. ಇಲಾಖೆ ನೋಟಿಸು ಕೈಬಿಟ್ಟಿತು. ಕಲ್ಲೇಶ್ ಮಾತ್ರ ಇವತ್ತಿಗೂ ಹೊಸದುರ್ಗದ ಹೋಟೆಲಿನಲ್ಲಿ ಕುಳಿತು, ಆ ಕೇಸಿಗೆ ಗಡುವು ಕೊಡಿಸಿದ್ದೇ ತಾನು ಎನ್ನುತ್ತಾನೆ. ಕೇಳಿದವರು ತಲೆದೂಗಿ, ತಮ್ಮ ನೋಟಿಸುಗಳನ್ನೂ ಅವನ ಕೈಗೆ ಕೊಟ್ಟು ಹೋಗುತ್ತಾರೆ.